ಸಂತೆಕಲ್ಲೂರು ಸೀಮೆಯ ಅಲೌಕಿಕ ವರರು

ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನಡುವೆ ಇರುವ ಸಂತೆಕಲ್ಲೂರಿನ ಹೆಸರೆತ್ತಿದೊಡನೆ ಬಲ್ಲವರಿಗೆ ನೆನಪಾಗುವುದು ಅಲ್ಲಿಯ ಘನಮಠ, ಮತ್ತು ಒಕ್ಕಲುತನದ ವಿದ್ಯೆಯನ್ನು ‘ಕೃಷಿಜ್ಞಾನ ಪ್ರದೀಪಿಕೆ’ಯಲ್ಲಿ ಬರೆದಿಟ್ಟು ತತ್ತ್ವಪದಗಳನ್ನೂ ಹಾಡಿದ ನಾಗಭೂಷಣ ಶಿವಯೋಗಿಗಳು. ಮಸ್ಕಿಯೆಂದರೆ 1915ರಲ್ಲಿ ಬೆಳಕಿಗೆ ಬಂದ, ದೇವಾನಾಂಪ್ರಿಯನು ಅಶೋಕನೇ ಎಂದು ಹೆಸರಿಟ್ಟು ಸಾರುವ ಬಂಡೆಯ ಶಾಸನ. ಇದೇ ಸೀಮೆಯ ಮುದ್ಗಲ್ಲೆಂದರೆ ಕೋಟೆ ಮತ್ತು ಮೊಹರಂ. ಅರಸರ, ಮಠಗಳ, ಶಿಲಾಲಿಪಿಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಹಲವರಿದ್ದಾರೆ. ಆದರೆ ಇದೇ ಸೀಮೆಯ ಹೆಣ್ಣುಮಕ್ಕಳು ಬಾಲ್ಯವು ಕಳೆದು ಯೌವನವು ಇನ್ನೂ ನೆಲೆಗೊಳ್ಳದ ವಯಸ್ಸಿನಲ್ಲಿ, ಬೀಸುಕಲ್ಲಿನ ಮುಂದೆಯೂ ಪಂಚಮಿಯ ಜೋಕಾಲಿಯ ಕೆಳಗೂ ಕೇಳುತ್ತ ಬೆಳೆದ ಕಥೆಗಳಿಗೂ ಒಂದು ಚರಿತ್ರೆಯುಂಟು. ಅದು ಬರಹಕ್ಕೆ ಬಂದುದು ಸ್ವಲ್ಪ, ಬಾಯಲ್ಲಿ ಉಳಿದುದು ಬಹಳ. ಆ ಕಥೆಗಳಲ್ಲಿ ಬರುವ ವರನು ಅನೇಕ ವೇಳೆ ಮನುಷ್ಯನಲ್ಲ. ಹುತ್ತದಿಂದ ಎದ್ದುಬರುವ ಸರ್ಪ, ಏಳೇ ದಿನ ಬಾಳುವ ಮಣ್ಣಿನ ಕುಮಾರ, ಅಥವಾ ಮರಣವೇ ಇಲ್ಲದ ದೇವರು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಹದಿಹರೆಯದ ಹುಡುಗಿಯರು ಕೈಯಲ್ಲಿನ ಮೊಬೈಲಿನಲ್ಲಿ ರಕ್ತಪಿಶಾಚಿಯನ್ನೋ ತೋಳಮಾನವನನ್ನೋ ಇಚ್ಛಾಧಾರಿ ನಾಗನನ್ನೋ ಪ್ರೀತಿಸುವ ನಾಯಿಕೆಯರ ಕಥೆಗಳನ್ನು ಓದುತ್ತಿರುವುದನ್ನು ಕಂಡು ಹಿರಿಯರು ಇದು ಹೊರಗಿನಿಂದ ಬಂದ ಹೊಸ ಹುಚ್ಚೆಂದು ಚಿಂತಿಸುತ್ತಾರೆ. ಅಮೆರಿಕದ ಸ್ಟೆಫನಿ ಮೇಯರ್ ಎಂಬ ಲೇಖಕಿಯು 2005ರಿಂದ 2008ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ‘ಟ್ವೈಲೈಟ್’ ಕಾದಂಬರಿಮಾಲೆಯು ಈ ಬಗೆಯ ಬರಹವನ್ನು ಜಗತ್ತಿನಾದ್ಯಂತ ಹಬ್ಬಿಸಿತೆಂಬುದು ನಿಜ. ಆದರೆ ಅಮಾನುಷನಾದ ಪ್ರಿಯನನ್ನು ಕುರಿತು ಕನಸು ಕಾಣುವುದನ್ನು ನಮ್ಮ ಹುಡುಗಿಯರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಆದುದರಿಂದ ವಿಚಾರಿಸಬೇಕಾದುದು ಈ ಕಥೆಗಳು ಎಲ್ಲಿಂದ ಬಂದವೆಂಬುದನ್ನಲ್ಲ. ಹಳೆಯವು ಹೆಣ್ಣಿಗೆ ಏನು ಹೇಳುತ್ತಿದ್ದವು, ಹೊಸವು ಏನು ಹೇಳುತ್ತಿವೆ ಎಂಬುದನ್ನು.

ಶ್ರಾವಣ ಶುದ್ಧ ಪಂಚಮಿಯು ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಗಂಡನ ಮನೆಯಿಂದ ಕರೆದೊಯ್ಯುವನೆಂದು ಕಾಯುವ ಮದುವೆಯಾದ ಹುಡುಗಿಯೂ, ಇನ್ನೂ ಮದುವೆಯಾಗದೆ ತವರಿನಲ್ಲಿಯೇ ಇರುವ ಹುಡುಗಿಯೂ ಅಂದು ಒಂದೇ ಜೋಕಾಲಿಯನ್ನು ಜೀಕುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅರಳುಗಳು ಮನೆಮನೆಗೆ ಹಂಚಿಕೆಯಾಗುತ್ತವೆ. ಹುತ್ತಕ್ಕೆ ಹಾಲೆರೆಯುವಾಗ ಬಂಧುಗಳೆಲ್ಲರ ಪಾಲನ್ನು ಒಬ್ಬೊಬ್ಬರ ಹೆಸರಿನಲ್ಲಿ ಎರೆಯುತ್ತಾರೆ. ಅಂದಿನ ನಾಗಪ್ಪನು ಮನೆಯವನು, ತವರಿನ ಬಳಿಯವನು. ಅವನಲ್ಲಿ ಬೇಡುವುದು ಒಡಹುಟ್ಟಿದವರ ಆಯುಸ್ಸನ್ನು. ಆದರೆ ಇದೇ ಹುತ್ತದಿಂದಲೇ, ಇದೇ ಹೆಂಗಸರ ಬಾಯಲ್ಲಿ, ಇನ್ನೊಬ್ಬ ನಾಗನೂ ಹೊರಬರುತ್ತಾನೆ. ಅವನು ಗಂಡನ ಮನೆಯ ಒಂಟಿತನದಲ್ಲಿ ರಾತ್ರಿ ಬಾಗಿಲು ದಾಟಿ ಬರುವ ಪ್ರಿಯ. ತವರಿನಲ್ಲಿ ಅಣ್ಣನಂತಿರುವ ಸರ್ಪವು ಗಂಡನ ಮನೆಯಲ್ಲಿ ಗಂಡನೇ ಆಗುವುದು ನಮ್ಮ ಹೆಣ್ಣುಮಕ್ಕಳ ಬದುಕು ಎರಡು ಮನೆಗಳಲ್ಲಿ ಒಡೆದುಹೋದುದರ ನೇರವಾದ ಗುರುತೆಂದು ನನಗೆ ತೋರುತ್ತದೆ.

ಆ ಎರಡನೆಯ ನಾಗನ ಕಥೆಯನ್ನು ಲೋಕವು ಅರಿತುದು ಎ. ಕೆ. ರಾಮಾನುಜನ್ನರ ಸಂಗ್ರಹದಿಂದ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಐವತ್ತರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ಹೆಂಗಸರು ಹೇಳುವ ಕಥೆಗಳನ್ನು ಶ್ರದ್ಧೆಯಿಂದ ಕೂಡಿಹಾಕಿದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಆ ಕಥೆಗಳ ದೊಡ್ಡ ಸಂಪುಟವೊಂದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅವರಿಂದ ಕೇಳಿದ ಕಥೆಗಳನ್ನೇ ಆಧರಿಸಿ ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು ಬರೆದರು, ಆ ನಾಟಕವನ್ನು ಟಿ. ಎಸ್. ನಾಗಾಭರಣರು 1997ರಲ್ಲಿ ಚಲನಚಿತ್ರವಾಗಿಸಿದರು. ಕಥೆಯ ತಿರುಳು ಹೀಗಿದೆ: ಹೊಸದಾಗಿ ಬಂದ ಹೆಂಡತಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಗಂಡನು ಸೂಳೆಯ ಮನೆಗೆ ಹೋಗುತ್ತಾನೆ, ಮರುಗಿದ ಮುದುಕಿಯೊಬ್ಬಳು ಗಂಡನನ್ನು ಒಲಿಸಿಕೊಳ್ಳಲೆಂದು ಗಿಡದ ಬೇರೊಂದನ್ನು ಕೊಡುತ್ತಾಳೆ, ಅದನ್ನು ಬೆರೆಸಿದ ಅಡಿಗೆಯು ಬಣ್ಣಗೆಟ್ಟುದನ್ನು ಕಂಡು ಹೆದರಿದ ಹುಡುಗಿಯು ಅದನ್ನು ಹುತ್ತಕ್ಕೆ ಸುರಿಯುತ್ತಾಳೆ, ಕುಡಿದ ಸರ್ಪವು ಮೋಹಗೊಂಡು ಗಂಡನ ರೂಪದಲ್ಲಿಯೇ ರಾತ್ರಿ ಬಂದು ಅವಳೊಡನೆ ಮಾತಾಡುತ್ತದೆ.

ಮಾತಾಡುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಕಥೆಯ ಆಕರ್ಷಣೆಯು ಸರ್ಪದ ಚೆಲುವಿನಲ್ಲಿಲ್ಲ. ಹಗಲಿನ ಗಂಡನು ಗದರಿಸುವುದರ ಹೊರತು ಬಾಯಿ ಬಿಡದವನಾಗಿರುವಾಗ, ಇರುಳಿನವನು ಅವಳ ತವರಿನ ಸುದ್ದಿಯನ್ನೂ ಅವಳ ಭಯವನ್ನೂ ಕೇಳಿಸಿಕೊಳ್ಳುತ್ತಾನೆಂಬುದರಲ್ಲಿದೆ. ಚಿಕ್ಕಂದಿನಲ್ಲಿಯೇ ಮದುವೆಯಾಗಿ, ಮುಖ ಪರಿಚಯವೂ ಇಲ್ಲದ ಗಂಡಸಿನ ಮನೆಗೆ ಕಾಲಿಟ್ಟ ಲಕ್ಷಾಂತರ ಹುಡುಗಿಯರಿಗೆ, ಒಬ್ಬನೇ ಗಂಡನು ಹಗಲಿಗೊಂದು ಇರುಳಿಗೊಂದು ಸ್ವಭಾವದವನಾಗಿ ಕಾಣುವುದು ಅನುಭವದ ಸಂಗತಿಯೇ ಆಗಿತ್ತು. ಕಥೆಯು ಆ ಅನುಭವಕ್ಕೆ ಎರಡು ದೇಹಗಳನ್ನು ಕೊಟ್ಟಿತು. ಸರ್ಪವು ವೇಷ ಮರೆಸಿಯೇ ಬಂದುದು, ಹುಡುಗಿಗೆ ಅದು ತಿಳಿಯದೆಯೇ ಇದ್ದುದು, ಇದರಲ್ಲಿರುವ ವಂಚನೆಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೂ ಕ್ರೌರ್ಯವು ಮನುಷ್ಯನ ಪಾಲಿಗೂ ಮೃದುತ್ವವು ವಿಷಜಂತುವಿನ ಪಾಲಿಗೂ ಬಂದಿರುವ ಈ ಹಂಚಿಕೆಯನ್ನು ಮಾಡಿದವರು ಬೀಗದ ಒಳಗಿದ್ದವರೇ ಹೊರತು ಬೀಗವನ್ನು ಹಾಕಿದವರಲ್ಲ.

ಕಥೆಯ ಕೊನೆಯಾದರೋ ಮತ್ತೆ ಊರ ಕಟ್ಟೆಗೆ ಬರುತ್ತದೆ. ಹುಡುಗಿಯು ಬಸಿರಾಗುತ್ತಾಳೆ, ನಾನು ಮುಟ್ಟಿಯೇ ಇಲ್ಲವೆಂದು ಗಂಡನು ಪಂಚರನ್ನು ಕೂಡಿಸುತ್ತಾನೆ, ಅವಳು ಹುತ್ತದೊಳಗೆ ಕೈಯಿಟ್ಟು ಸರ್ಪವನ್ನು ಹಿಡಿದು, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿದವಳಲ್ಲವೆಂದು ಆಣೆಯಿಡುತ್ತಾಳೆ. ಅಕ್ಷರಶಃ ಸತ್ಯವಾದ ಆ ಮಾತನ್ನು ಊರು ತನಗೆ ಬೇಕಾದಂತೆ ಅರ್ಥಮಾಡಿಕೊಂಡು ದೇವಿಯೆಂದು ಅವಳ ಕಾಲಿಗೆರಗುತ್ತದೆ. ಕೇಳುತ್ತ ಕುಳಿತ ಎಳೆಯ ಹುಡುಗಿಗೆ ಇಲ್ಲಿ ಎರಡು ಉಪದೇಶಗಳು ಒಟ್ಟಿಗೆ ದೊರೆಯುತ್ತವೆ. ಸತ್ಯವನ್ನು ಹೇಳಿಯೂ ಉಳಿದುಕೊಳ್ಳುವ ಜಾಣ್ಮೆಯೊಂದುಂಟು ಎಂಬುದು ಮೊದಲನೆಯದು. ಎರಡನೆಯದು ಕಹಿಯಾದುದು: ಹೆಣ್ಣಿನ ಶೀಲಕ್ಕೆ ಪವಾಡವೇ ನಡೆಯಬೇಕು, ಗಂಡಸಿನ ಶೀಲವನ್ನು ಯಾರೂ ವಿಚಾರಣೆಗೆ ತರುವುದಿಲ್ಲ. ಸೂಳೆಯ ಮನೆಗೆ ಹೋಗುತ್ತಿದ್ದವನು ಒಂದು ಆಣೆಯನ್ನೂ ಇಡದೆ ಮನೆಗೂ ಮಗುವಿಗೂ ಯಜಮಾನನಾಗುತ್ತಾನೆ. ಕಾರ್ನಾಡರ ನಾಟಕದಲ್ಲಿ ಸರ್ಪಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿರುವುದು ಕೇವಲ ಚಮತ್ಕಾರವಲ್ಲ. ಹಳೆಯ ಅಂತ್ಯವೊಂದನ್ನೇ ಒಪ್ಪಿ ಏಳಲಾರದ ಅತೃಪ್ತಿಯು ಅದರಲ್ಲಿದೆ.

ಸರ್ಪದ ಕಥೆಯನ್ನು ಒಳಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದರೆ ಜೋಕುಮಾರನ ಕಥೆಯನ್ನು ಬೀದಿಯಲ್ಲಿ ಎತ್ತಿದ ದನಿಯಲ್ಲಿ ಹಾಡುತ್ತಾರೆ. ಭಾದ್ರಪದ ಮಾಸದಲ್ಲಿ, ಗಣೇಶ ಚೌತಿಯು ಮುಗಿದ ಕೆಲವು ದಿನಗಳಿಗೆ, ಅಷ್ಟಮಿಯಂದು ಜೋಕುಮಾರನು ಹುಟ್ಟುತ್ತಾನೆ. ಅಗಲವಾದ ಮುಖ, ಹುರಿಮಾಡಿದ ಮೀಸೆ, ಪುರುಷತ್ವದ ಮುಚ್ಚುಮರೆಯಿಲ್ಲದ ಆಕಾರ, ಇವುಗಳಿಂದ ಕೂಡಿದ ಆ ಮಣ್ಣಿನ ಮೂರ್ತಿಯನ್ನು ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿಟ್ಟು, ಅಂಬಿಗರ ಮನೆಯ ಹೆಂಗಸರು ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ಇಳಿಸಿ, ಅವನ ಹುಟ್ಟನ್ನೂ ಚೆಲುವನ್ನೂ ಪುಂಡಾಟವನ್ನೂ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿಗಳನ್ನು ತಂದು ನೀಡಿ ಅವನ ಬಾಯಿಗೆ ಬೆಣ್ಣೆಯನ್ನು ಸವರುತ್ತಾರೆ. ಬುಟ್ಟಿಯವರು ಕೊಟ್ಟ ಬೇವಿನೆಲೆ ನುಚ್ಚುಗಳನ್ನು ಒಕ್ಕಲಿಗರು ಹೊಲಕ್ಕೆ ಚೆಲ್ಲುತ್ತಾರೆ. ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಉಂಡುತಿಂದು ಹೋದ ಗಣಪನು ಲೋಕವು ಸುಖವಾಗಿದೆಯೆಂದು ಶಿವನಿಗೆ ಹೇಳಿದರೆ, ಬಡವರ ಗುಡಿಸಲುಗಳ ಮುಂದೆ ತಿರುಗಿದ ಜೋಕುಮಾರನು ನಿಜವಾದ ಕಷ್ಟವನ್ನು ತಿಳಿಸಿ ಮಳೆಯನ್ನು ತರುತ್ತಾನೆಂಬುದು ಜನರ ನಂಬಿಕೆ. ತುಂಗಭದ್ರೆಯ ಎಡದಂಡೆ ಕಾಲುವೆಯು ಬಂದು ಸಿಂಧನೂರಿನ ಎರೆಭೂಮಿಯು ಭತ್ತದ ಗದ್ದೆಯಾಗುವುದಕ್ಕೆ ಮೊದಲು, ಮಳೆಯನ್ನೇ ನಂಬಿ ಜೋಳ ಸಜ್ಜೆಗಳನ್ನು ಬಿತ್ತುತ್ತಿದ್ದ ಈ ಒಣಸೀಮೆಗೆ ಅವನು ಎಷ್ಟು ಬೇಕಾದವನಾಗಿದ್ದನೆಂಬುದನ್ನು ಊಹಿಸಬಹುದು.

ಈ ಕುಮಾರನ ಆಯುಸ್ಸು ಏಳೇ ದಿನ. ಕಂಡ ಹೆಣ್ಣನ್ನೆಲ್ಲ ಬಯಸಿ ಅಲೆದವನು ಕೊನೆಗೆ ಅಗಸರ ಮನೆಯ ಹೆಣ್ಣಿನ ಮೇಲೆ ಕೈ ಹಾಕಿ, ಅವಳ ಕಡೆಯವರ ಕೈಯಲ್ಲಿ ಹತನಾಗುತ್ತಾನೆಂದು ಕಥೆ. ಹುಣ್ಣಿಮೆಯ ರಾತ್ರಿ ಮೂರ್ತಿಯನ್ನು ಹಳ್ಳದ ದಂಡೆಗೆ ಒಯ್ದು ಅಗಸರು ಬಟ್ಟೆ ಒಗೆಯುವ ಕಲ್ಲಿನ ಬಳಿ ಬಿಟ್ಟು, ಹೊತ್ತವರು ಹಿಂದಿರುಗಿ ನೋಡದೆ ಬರುತ್ತಾರೆ. ಕೆಲವು ಊರುಗಳಲ್ಲಿ ಅನಂತರದ ಕೆಲವು ದಿನ ಅಗಸರು ಆ ಕಡೆ ಬಟ್ಟೆಗೆ ಹೋಗುವುದಿಲ್ಲ. ಚಂದ್ರಶೇಖರ ಕಂಬಾರರು 1972ರ ತಮ್ಮ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಆಚರಣೆಯನ್ನು ಭೂಮಿಯ ಒಡೆತನದ ಪ್ರಶ್ನೆಗೆ ಬೆಸೆದು, ಗೌಡನಿಂದ ಫಲಿಸದ ಗೌಡತಿಯು ಉಳುವ ಬಸಣ್ಣನಿಂದ ಬಸಿರಾಗುವಂತೆ ಮಾಡಿದರು. ಅಲ್ಲಿಯೂ ಪ್ರಿಯನು ಸಾಯಲೇಬೇಕಾಯಿತು. ನನ್ನ ಗಮನವು ನಿಲ್ಲುವುದು ಬುಟ್ಟಿಯ ಹಿಂದೆ ಮನೆಯಿಂದ ಮನೆಗೆ ಓಡಾಡುವ ಹುಡುಗಿಯರ ಮೇಲೆ. ಅವರು ಕೇಳುವುದೇನು? ಹೆಂಗಸರು ನಾಚದೆ, ಯಾರ ಅಪ್ಪಣೆಯನ್ನೂ ಬೇಡದೆ, ನಡುಬೀದಿಯಲ್ಲಿ ಗಂಡಿನ ಚೆಲುವನ್ನು ವರ್ಣಿಸುವುದನ್ನು. ಆ ಚೆಲುವನ್ನು ಮೆಚ್ಚಿಕೊಂಡೇ ಅವನ ಅಪರಾಧವನ್ನೂ ಹೇಳುವುದನ್ನು. ಅಪರಾಧಕ್ಕೆ ತಲೆ ಕೊಟ್ಟವನು ಗಂಡೇ ಎಂಬುದನ್ನು. ಅವನಿಗಾಗಿ ಅಳುತ್ತಾರೆ, ಆದರೆ ಅವನನ್ನು ಬದುಕಿಸುವುದಿಲ್ಲ. ಚೆಲುವಿದೆಯೆಂದ ಮಾತ್ರಕ್ಕೆ ಹೆಣ್ಣಿನ ಮೈಮೇಲೆ ಹಕ್ಕಿಲ್ಲವೆಂಬ ಮಾತನ್ನು, ಆಸೆಯನ್ನು ಪಾಪವೆನ್ನದೆಯೇ, ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಆಚರಣೆಯನ್ನು ನಾನು ಅರಿಯೆ. ಜಾತಿಯ ಕ್ರಮದಲ್ಲಿ ಕೆಳಗಿಟ್ಟವರ ಮನೆಯ ಹೆಣ್ಣಿನ ಮಾನಕ್ಕಾಗಿ ದೇವರ ಮಗನು ಪ್ರಾಣವನ್ನೇ ತೆರಬೇಕಾಯಿತೆಂಬುದು ಇದರ ಹಿರಿಮೆಯನ್ನು ಇನ್ನೂ ಹೆಚ್ಚಿಸುತ್ತದೆ.

ಗಂಡಸರು ಬರೆದ ಚರಿತ್ರೆಯಲ್ಲಿ ಇದೇ ಸೀಮೆಯ ಹುಡುಗಿಯೊಬ್ಬಳು ಹೇಗೆ ಕಾಣಿಸಿಕೊಂಡಳೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಫಿರಿಸ್ತಾನು, ನಡೆದ ಸಂಗತಿಗೆ ಎರಡು ಶತಮಾನಗಳಾದ ಮೇಲೆ ಬರೆದ ಇತಿಹಾಸದಲ್ಲಿ, 1406ರ ವಿಜಯನಗರ ಬಹಮನಿ ಯುದ್ಧಕ್ಕೆ ಮುದ್ಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವೇ ಕಾರಣವೆನ್ನುತ್ತಾನೆ. ವಿಜಯನಗರದ ಅರಸ ದೇವರಾಯನು ಕಳುಹಿಸಿದ ಹಾರವನ್ನು ಆಕೆ ಕೊರಳಿಗೆ ಹಾಕಿಕೊಳ್ಳಲಿಲ್ಲ; ರಾಜನ ಅಂತಃಪುರವನ್ನು ಹೊಕ್ಕರೆ ತಂದೆತಾಯಿಗಳ ಮುಖವನ್ನು ಮತ್ತೆ ಕಾಣಲಾರೆನೆಂಬುದು ಅವಳು ಕೊಟ್ಟ ಕಾರಣ. ಎಂತಹ ಸರಳವಾದ, ಹುಡುಗಿಯ ಮಾತಾಗಿ ಕೇಳಿಸುವ ಮಾತು! ಆದರೆ ಇತಿಹಾಸಕಾರನಿಗೆ ಅಷ್ಟು ಸಾಲದೆ ಹೋಯಿತು. ತಾನು ಮುಸಲ್ಮಾನ ರಾಜಕುಮಾರನ ವಧುವಾಗುವೆನೆಂಬ ಅಂತರಂಗದ ಸೂಚನೆಯೊಂದು ಅವಳಿಗೆ ಮೊದಲಿನಿಂದಲೂ ಇತ್ತೆಂದು ಸೇರಿಸಿ, ಕೊನೆಗೆ ಬಹಮನಿ ಸುಲ್ತಾನ ಫಿರೋಜಶಹನ ಮಗ ಹಸನಖಾನನಿಗೆ ಅವಳನ್ನು ಮದುವೆ ಮಾಡಿಸಿ ಮುಗಿಸಿದನು. ಹುಡುಗಿಯ ನಿರಾಕರಣೆಯನ್ನು ನಿರಾಕರಣೆಯಾಗಿಯೇ ಬಿಡಲಾರದೆ, ಅದನ್ನು ದೈವಸಂಕಲ್ಪವನ್ನಾಗಿ ಮಾಡಿ ಬೇರೊಬ್ಬ ವರನ ಕಡೆಗೆ ತಿರುಗಿಸುವ ಈ ಅಭ್ಯಾಸವು ಇಂದಿನ ಪ್ರಣಯಕಥೆಗಳಲ್ಲಿಯೂ ಇನ್ನೂ ಅಳಿದಿಲ್ಲ.

ಮಸ್ಕಿಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನಿದ್ದಾನೆ. ಯುಗಾದಿಗೆ ಮೊದಲಿನ ದಿನಗಳಲ್ಲಿ ಉತ್ತರ ಕರ್ನಾಟಕದಿಂದ ಶ್ರೀಶೈಲದ ಮಲ್ಲಯ್ಯನೆಡೆಗೆ ಕಂಬಿಹೊತ್ತು ನಡೆಯುವ ಭಕ್ತರಿಗೆ ಈ ಸೀಮೆಯು ದಾರಿ. ಆದುದರಿಂದ ಇಲ್ಲಿಯ ಹೆಣ್ಣುಮಕ್ಕಳಿಗೆ ಅಕ್ಕಮಹಾದೇವಿಯ ಕಥೆಯು ದೂರದ ಉಡುತಡಿಯ ಕಥೆಯಾಗಿ ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ಆಕೆ, ಹರಿಹರನ ರಗಳೆಯು ಹೇಳುವಂತೆ, ಕೌಶಿಕನೆಂಬ ಅರಸನಿಗೆ ಷರತ್ತುಗಳನ್ನು ಒಡ್ಡಿ, ಅವನು ಅವುಗಳನ್ನು ಮೀರಿದಾಗ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ತಾನು ವರಿಸಿದ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೊರಟುಹೋದಳು. ಅಳಿವಿಲ್ಲದ ಗಂಡನನ್ನು ಬಯಸುವುದು ಎಳೆಯ ಮನಸ್ಸಿನ ಅತಿ ಪುರಾತನವಾದ ಕನಸುಗಳಲ್ಲಿ ಒಂದು. ಗಂಡನು ಸತ್ತರೆ ಹೆಣ್ಣಿನ ಬಾಳೇ ಮುಗಿಯಿತೆಂದು ವಿಧಿಸಿದ್ದ ಸಮಾಜದಲ್ಲಿ ಅದು ಕನಸಿಗಿಂತ ಹೆಚ್ಚಿನದಾಗಿತ್ತು. ಶರಣ ಸತಿ, ಲಿಂಗ ಪತಿ ಎಂಬ ಭಾವವನ್ನು ವಚನಕಾರರಾದ ಗಂಡಸರೂ, ಅನಂತರದ ತತ್ತ್ವಪದಕಾರರೂ ತಮ್ಮದಾಗಿಸಿಕೊಂಡರು. ಆದರೆ ಗಂಡಸು ತನ್ನನ್ನು ಸತಿಯೆಂದುಕೊಂಡಾಗ ಅವನು ಕಳೆದುಕೊಳ್ಳಬೇಕಾದುದು ಅಹಂಕಾರವೊಂದನ್ನೇ. ಹೆಣ್ಣು ಅದೇ ಮಾತನ್ನಾಡಿದಾಗ ಮನೆ, ನಂಟರು, ಮಾನದ ರಕ್ಷಣೆ ಎಲ್ಲವನ್ನೂ ಪಣಕ್ಕಿಡಬೇಕಾಯಿತು. ಅಕ್ಕನ ಅಲೌಕಿಕ ಪ್ರಣಯದ ತೇಜಸ್ಸು ವರನು ದೇವರೆಂಬುದರಿಂದ ಬಂದುದಲ್ಲ, ಆರಿಸಿದವಳು ತಾನೇ ಎಂಬುದರಿಂದ ಬಂದುದು.

ಇದಕ್ಕೆ ಇದೇ ನೆಲದಲ್ಲಿ ಘೋರವಾದ ಪ್ರಮಾಣವುಂಟು. ಎಲ್ಲಮ್ಮನ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರೂ ದೈವಕ್ಕೇ ಮದುವೆಯಾದವರೆನಿಸಿಕೊಂಡರು. ವೈಧವ್ಯವಿಲ್ಲದ ನಿತ್ಯಸುಮಂಗಲಿಯರೆಂದು ಅವರನ್ನು ಮದುವೆಮನೆಗಳಲ್ಲಿ ಹಾಡಿ ಹೊಗಳಲಾಯಿತು. ಆದರೆ ಆ ವರನನ್ನು ಅವರು ಆರಿಸಲಿಲ್ಲ. ಹೆಚ್ಚಾಗಿ ದಲಿತ ಕುಟುಂಬಗಳ ಹುಡುಗಿಯರು, ಬುದ್ಧಿ ಬರುವ ಮೊದಲೇ ಕೊರಳಿಗೆ ಮುತ್ತು ಬಿದ್ದು, ಮೈನೆರೆದ ಮೇಲೆ ಊರಿನ ಉಳ್ಳವರ ಪಾಲಾದರು. ಅವರ ಮಕ್ಕಳು ತಂದೆಯ ಹೆಸರಿಲ್ಲದೆ ಬೆಳೆದರು. ರಾಯಚೂರು, ಕೊಪ್ಪಳ, ಬಳ್ಳಾರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೇರೂರಿದ್ದ ಈ ದೇವದಾಸಿ ಪದ್ಧತಿಯನ್ನು 1982ರ ಕಾಯಿದೆಯು ನಿಷೇಧಿಸಿತು. ಅನಂತರದ ಸರಕಾರಿ ಸಮೀಕ್ಷೆಗಳಲ್ಲಿಯೂ ರಾಜ್ಯದಲ್ಲಿ 40 ಸಾವಿರಕ್ಕೂ ಮಿಕ್ಕ ಮಾಜಿ ದೇವದಾಸಿಯರು ಗುರುತಿಸಲ್ಪಟ್ಟರು. ಅಲೌಕಿಕ ವರನ ಕಥೆಯನ್ನು ಹೆಣ್ಣು ತಾನಾಗಿ ಹೇಳಿಕೊಂಡಾಗ ಅದು ಅವಳಿಗೆ ಉಸಿರಾಡುವ ಎಡೆಯಾಯಿತು. ಅದೇ ಕಥೆಯನ್ನು ಅವಳ ಮೇಲೆ ಹೊರಿಸಿದಾಗ ಲೌಕಿಕರಾದ ಗಂಡಸರು ದೇವರ ಮರೆಯಲ್ಲಿ ನಿಂತು ಅವಳನ್ನು ಬಳಸಿಕೊಂಡರು. ಈ ಭೇದವನ್ನು ಕಾಣದೆ ಇಂತಹ ಕಥೆಗಳನ್ನೆಲ್ಲ ಒಟ್ಟಾಗಿ ಹೊಗಳುವುದೂ ತೆಗಳುವುದೂ ಸಲ್ಲದು.

ಮುದ್ರಣವು ಈ ಕಥೆಗಳ ಕಡೆಗೆ ತಡವಾಗಿ ತಿರುಗಿತು. ಕೃಷ್ಣೆಯ ಆಚೆ ವಿಜಯಪುರ ಜಿಲ್ಲೆಯಲ್ಲಿ ಹಲಸಂಗಿಯ ಗೆಳೆಯರು 1931ರಲ್ಲಿಯೇ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಿದ್ದರೆ, 1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದು ಉರ್ದುವೇ ಶಾಲೆಯ ಮತ್ತು ಕಚೇರಿಯ ಭಾಷೆಯಾಗಿದ್ದ ಈ ಸೀಮೆಯಲ್ಲಿ ಕನ್ನಡದ ಹೆಣ್ಣುಮಗಳು ಅಕ್ಷರ ಕಲಿಯುವುದೇ ಅಪೂರ್ವವಾಗಿತ್ತು. ಮುಂದೆ ಸಿನಿಮಾ, ದೂರದರ್ಶನಗಳು ಬಂದವು. 2016ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ನಾಗಿಣಿ’ ಧಾರಾವಾಹಿಯಲ್ಲಿ ಸರ್ಪವು ಹೆಣ್ಣಾಗಿ ಬಂದು ಸೇಡಿನ ಮತ್ತು ಪ್ರೀತಿಯ ನಡುವೆ ನಿಂತಿತು. ಹುತ್ತದ ಬಳಿ ಬೇಡುತ್ತಿದ್ದವಳ ಕೈಗೇ ವಿಷವು ಬಂದುದರಲ್ಲಿ ಒಂದು ಹೊಸತನವಿತ್ತಾದರೂ, ಆ ಶಕ್ತಿಯು ಮತ್ತೆ ಮನೆತನದ ಗಂಡನ್ನು ಕಾಯುವುದಕ್ಕೇ ಮೀಸಲಾಯಿತು.

ಇನ್ನು ‘ಟ್ವೈಲೈಟ್’ ಮತ್ತು ಅದರ ಸಂತತಿ. ಹದಿನೇಳರ ಬೆಲ್ಲಾ ಎಂಬ ಹುಡುಗಿಯು, ಹದಿನೇಳರಲ್ಲಿಯೇ ವಯಸ್ಸು ನಿಂತುಹೋದ ಎಡ್ವರ್ಡ್ ಎಂಬ ರಕ್ತಪಿಶಾಚಿಯನ್ನು ಪ್ರೀತಿಸುತ್ತಾಳೆ. ಅವನು ಅವಳ ರಕ್ತಕ್ಕಾಗಿ ಹಾತೊರೆಯುತ್ತಾನೆ, ಆದರೆ ಸಂಯಮದಿಂದ ತಡೆದುಕೊಳ್ಳುತ್ತಾನೆ. ಎಳೆಯ ಓದುಗರ ಮನಸ್ಸನ್ನು ಇದು ಸೆಳೆದುದು ಸಹಜವೇ. ಲೋಕದಲ್ಲಿ ಯಾರ ಕಣ್ಣಿಗೂ ವಿಶೇಷವಾಗಿ ಬೀಳದ ಸಾಮಾನ್ಯಳನ್ನು ಅಸಾಮಾನ್ಯನೊಬ್ಬನು ಆರಿಸುತ್ತಾನೆ. ಅವನು ಮುಪ್ಪಾಗುವುದಿಲ್ಲ. ಅವಳ ಬಯಕೆಯನ್ನು ಕಥೆಯು ಹೀಯಾಳಿಸುವುದಿಲ್ಲ. ಹೀಯಾಳಿಸದಿರುವುದೇ ಒಂದು ದೊಡ್ಡ ಗುಣ. ಹುಡುಗಿಯರ ಓದನ್ನು ಕುರಿತು ಹಿರಿಯರು ಆಡುವ ಹಗುರವಾದ ಮಾತುಗಳಲ್ಲಿ ಆ ಗುಣವಿಲ್ಲ. ಆದರೆ ಇಲ್ಲಿಯ ಪ್ರಿಯನು ಅವಳಿಗೆ ಅರಿವಿಲ್ಲದೆ ರಾತ್ರಿ ಕೋಣೆಯನ್ನು ಹೊಕ್ಕು ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ; ಅವಳು ಯಾರೊಡನೆ ಬೆರೆಯಬೇಕೆಂಬುದನ್ನು ತಾನು ನಿರ್ಧರಿಸುತ್ತಾನೆ; ಅಗಲಿದಾಗ ಅವಳು ಬಾಳನ್ನೇ ತೊರೆದವಳಂತಾಗುತ್ತಾಳೆ; ಕೊನೆಗೆ ಹೆರಿಗೆಯಲ್ಲಿ ಸಾವಿನಂಚಿಗೆ ಹೋಗಿ ಮಾನುಷತ್ವವನ್ನೇ ಬಿಟ್ಟುಕೊಟ್ಟು ಅವನ ಲೋಕವನ್ನು ಸೇರುತ್ತಾಳೆ. ಇವೆಲ್ಲವನ್ನೂ ಕಥೆಯು ಪ್ರೀತಿಯ ಪರಾಕಾಷ್ಠೆಯೆಂದೇ ಕರೆಯುತ್ತದೆ.

ನಮ್ಮ ಸೀಮೆಯ ಮುದುಕಿಯರು ಹೇಳಿದ ಕಥೆಗೂ ಇದಕ್ಕೂ ಇರುವ ಅಂತರವು ಇಲ್ಲಿದೆ. ಅವರು ಬೀಗ ಹಾಕುವವನನ್ನೂ ಒಲಿಯುವವನನ್ನೂ ಬೇರೆಬೇರೆಯಾಗಿ ತೋರಿಸಿದರು. ಬಯಸಿ ಮೇಲೆ ಬಿದ್ದವನನ್ನು ಅಗಸರ ಕಲ್ಲಿನ ಬಳಿ ಸಾಯಿಸಿದರು. ಹೊಸ ಕಥೆಯು ಕಾವಲನ್ನೂ ಒಲವನ್ನೂ ಒಬ್ಬನಲ್ಲಿಯೇ ಕೂಡಿಸಿ, ಎರಡೂ ಒಂದೇ ಎಂದು ಹೇಳುತ್ತದೆ. ಹಳೆಯವು ನಿರ್ದೋಷವೆಂದು ನಾನು ಹೇಳಲಾರೆ. ಪವಾಡವಿಲ್ಲದೆ ಹೆಣ್ಣನ್ನು ನಂಬದ ಊರನ್ನು ಅವು ಪ್ರಶ್ನಿಸದೆ ಬಿಟ್ಟವು. ಆದರೆ ಅಲ್ಲಿ ಕಥೆಯ ಜೊತೆಗೆ ಕಥೆ ಹೇಳುವವಳೊಬ್ಬಳಿದ್ದಳು. ನಡುವೆ ನಿಲ್ಲಿಸಿ, ಗಂಡಸನ್ನು ಬಯ್ದು, ಹುಡುಗಿಯ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವನ್ನೆತ್ತಿ ಕೊಟ್ಟು, ಮತ್ತೆ ಮುಂದುವರಿಸುತ್ತಿದ್ದಳು. ಮೊಬೈಲಿನ ಬೆಳಕಿನಲ್ಲಿ ಒಬ್ಬಳೇ ಓದುವ ಇಂದಿನ ಹುಡುಗಿಗೆ ಆ ಎರಡನೆಯ ದನಿಯು ದೊರೆಯುತ್ತಿಲ್ಲ. ಕಥೆಯನ್ನು ನಿಷೇಧಿಸುವುದರಿಂದ ಆ ಕೊರತೆಯು ತುಂಬುವುದಿಲ್ಲ.

ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸುತ್ತಿನ ಶಾಲೆ ಕಾಲೇಜುಗಳ ಅಧ್ಯಾಪಕರಲ್ಲಿಯೂ, ಮನೆಗಳಲ್ಲಿರುವ ತಾಯಂದಿರಲ್ಲಿಯೂ ನನ್ನ ವಿನಂತಿ ಇಷ್ಟು: ಬರುವ ಭಾದ್ರಪದದಲ್ಲಿ ಬುಟ್ಟಿ ಹೊತ್ತ ಹೆಂಗಸರು ಬಾಗಿಲಿಗೆ ಬಂದಾಗ ಜೋಳವನ್ನು ನೀಡಿ ಬೇಗನೆ ಕಳುಹಿಸಿಬಿಡಬೇಡಿ; ಮನೆಯ ಹುಡುಗಿಯರನ್ನು ಹೊರಗೆ ಕರೆದು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ, ಅವರ ಕೈಯಿಂದಲೇ ಬರೆಸಿಡಿ, ಮತ್ತು ಅವರು ಕೇಳುವ ಪ್ರಶ್ನೆಗಳಿಗೆ ಹಾಡಿದ ತಾಯಂದಿರೇ ಉತ್ತರ ಹೇಳುವಂತೆ ಅವಕಾಶ ಮಾಡಿಕೊಡಿ.